ಬರ್ತೀವಿ ಅಂದ ದಿನ ಬನ್ನಿ: ಹಾಡಿ, ಲೈನ್ ಮನೆ, ಆಸ್ಪತ್ರೆ ಮತ್ತು ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಒಂದು ಸಾಲು ಹಾಕಿದ್ದೆ. ಕೊಡಗಿನ ಹಾಡಿಗಳಲ್ಲಿ, ಅಂದರೆ ಆದಿವಾಸಿ ಕೇರಿಗಳಲ್ಲಿ, ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಇರುವ ಯರವ, ಜೇನುಕುರುಬ, ಬೆಟ್ಟಕುರುಬ, ಕುಡಿಯ ಜನಕ್ಕೂ ನಮ್ಮ ಆಸ್ಪತ್ರೆಗಳಿಗೂ ಯಾಕೆ ಸರಿಹೋಗುತ್ತಿಲ್ಲ, ನಿಮಗೇನು ಅನ್ನಿಸುತ್ತದೆ, ಬರೆಯಿರಿ ಅಂತ. ಪತ್ರಗಳು ಜಾಸ್ತಿಯೇ ಬಂದವು. ಬರೆದವರಲ್ಲಿ ಆಸ್ಪತ್ರೆ ಸಿಬ್ಬಂದಿ ಇದ್ದಾರೆ, ತೋಟದ ಮಾಲೀಕರಿದ್ದಾರೆ, ನರ್ಸಿಂಗ್ ಓದುತ್ತಿರುವ ಯರವ ವಿದ್ಯಾರ್ಥಿನಿಯೊಬ್ಬರಿದ್ದಾರೆ. ಹೆಸರು ಹಾಕಬೇಡಿ ಎಂದು ಸರ್ಕಾರಿ ಕೆಲಸದಲ್ಲಿರುವವರು ಕೇಳಿಕೊಂಡಿದ್ದಾರೆ. ಹಾಗಾದರೆ ಯಾರ ಹೆಸರೂ ಬೇಡ.

ಪ್ರಶ್ನೆ: ಡಾಕ್ಟರೇ, ನಾನು ತಿತಿಮತಿ ಕಡೆ ಒಂದು ಆರೋಗ್ಯ ಉಪಕೇಂದ್ರದಲ್ಲಿ ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ಊರು ಬಾಗಲಕೋಟೆ ಕಡೆ. ನಮ್ಮ ಗಾಡಿ ಹಾಡಿಗೆ ಹೋದರೆ ಸಾಕು, ಅರ್ಧ ಜನ ತೋಟದೊಳಗೆ ಮಾಯ. ಮಕ್ಕಳು ಬಾಗಿಲ ಹಿಂದೆ. ಔಷಧಿ ಫ್ರೀ, ಪರೀಕ್ಷೆ ಫ್ರೀ, ಆದರೂ ಹೀಗೆ. ಇವರಿಗೆ ತಿಳಿವಳಿಕೆ ಕೊಡುವುದು ಹೇಗೆ?

ಉತ್ತರ: ತಿಳಿವಳಿಕೆ ಆಮೇಲೆ ಕೊಡೋಣ. ಮೊದಲು ಅವರ ಜಗಲಿಯಲ್ಲಿ ಕೂತು ನಿಮ್ಮ ಗಾಡಿಯನ್ನು ನೋಡಿ. ಸರ್ಕಾರದ ಜೀಪು ಬಂದಾಗ ಈ ಜನಕ್ಕೆ ಇದುವರೆಗೆ ಏನೇನು ಆಗಿದೆ? ನಾಗರಹೊಳೆ ರಾಷ್ಟ್ರೀಯ ಉದ್ಯಾನ ಆದ ಮೇಲೆ ಒಳಗಿದ್ದ ಕುಟುಂಬಗಳು ಹೊರಗೆ ಬಂದವು, ಕೆಲವರು ಒಪ್ಪಿ, ಹಲವರು ಒಪ್ಪದೆ. ಹಾಗೆ ಬಂದವರಲ್ಲಿ ತುಂಬ ಜನ ಕಾಫಿ ತೋಟದ ಲೈನ್ ಸೇರಿಕೊಂಡರು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಎಷ್ಟೋ ಅರ್ಜಿಗಳು ಇನ್ನೂ ಕಚೇರಿಯಿಂದ ಕಚೇರಿಗೆ ತಿರುಗುತ್ತಲೇ ಇವೆ. 2016ರ ಡಿಸೆಂಬರ್‌ನಲ್ಲಿ ಸಿದ್ದಾಪುರದ ಹತ್ತಿರ ದಿಡ್ಡಳ್ಳಿಯಲ್ಲಿ ನೂರಾರು ಗುಡಿಸಲು ಕಿತ್ತು ಹಾಕಿದ್ದು ನಿಮಗೆ ಗೊತ್ತಿಲ್ಲದಿರಬಹುದು, ನೀವು ಆಗ ಓದುತ್ತಿದ್ದಿರೇನೋ, ಆದರೆ ನೀವು ಹೋಗುವ ಹಾಡಿಯಲ್ಲಿ ಅದು ಎಲ್ಲರಿಗೂ ಗೊತ್ತು, ಬಹುಶಃ ಅಲ್ಲಿಂದ ಬಂದ ನೆಂಟರೂ ಇದ್ದಾರೆ. ಗಾಡಿಯ ಮೇಲೆ ಆರೋಗ್ಯ ಇಲಾಖೆ ಅಂತ ಬರೆದಿದೆಯೋ ಅರಣ್ಯ ಇಲಾಖೆ ಅಂತ ಬರೆದಿದೆಯೋ ದೂರದಿಂದ ಯಾರು ಓದುತ್ತಾರೆ? ಮೊದಲು ತೋಟದೊಳಗೆ ಹೋಗುತ್ತಾರೆ, ಆಮೇಲೆ ಇಣುಕಿ ನೋಡುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಈಗ ಕೆಲಸದ ಮಾತು. ಮೊದಲ ಸಲ ರಿಜಿಸ್ಟರ್, ಟ್ಯಾಬ್ ಏನೂ ಇಲ್ಲದೆ ಹೋಗಿ. ಹಾಡಿಯ ಯಜಮಾನರು ಯಾರು ಕೇಳಿ, ಅವರ ಮನೆ ಮುಂದೆ ಕೂತು ಮಾತಾಡಿ. ಅವರ ಜೊತೆ ಎರಡು ಮೂರು ಜನ ಹೆಂಗಸರೂ ಇರಲಿ, ಯಾಕೆಂದರೆ ಯಜಮಾನರು ಮರೆಯುವ ವಿಷಯಗಳು ಅವರ ಬಾಯಲ್ಲಿ ಬರುತ್ತವೆ. ನಿಮಗೆ ಏನು ಬೇಕು ಅಂತ ಕೇಳಿ. ಅವರು ಹೇಳುವುದು ನಿಮ್ಮ ಇಲಾಖೆಗೆ ಸೇರಿದ್ದೇ ಆಗಿರಬೇಕಿಲ್ಲ. ನೀರು ಅಂತಾರೆ, ಕರೆಂಟು ಅಂತಾರೆ, ಆನೆ ಅಂತಾರೆ. ಬರೆದುಕೊಳ್ಳಿ, ಪಂಚಾಯ್ತಿಗೆ ದಾಟಿಸಿ, ದಾಟಿಸಿದ್ದೀನಿ ಅಂತ ಮುಂದಿನ ಸಲ ಹೇಳಿ. ‘ಅದು ನಮಗೆ ಬರಲ್ಲ’ ಅಂತ ಅಲ್ಲೇ ಕೈ ತೊಳೆದುಕೊಂಡರೆ ಮಾತು ಮುಗಿಯಿತು.

ಇನ್ನೊಂದು. ಈ ಇಡೀ ಅಂಕಣದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳಿ ಅಂದರೆ ನಾನು ಹೇಳುವುದು ಇದನ್ನೇ: ಬರ್ತೀವಿ ಅಂದ ದಿನ ಬನ್ನಿ. ತಿಂಗಳ ಎರಡನೇ ಮಂಗಳವಾರ ಅಂದರೆ ಎರಡನೇ ಮಂಗಳವಾರ. ಗಾಡಿಗೆ ಡೀಸೆಲ್ ಇಲ್ಲ, ತಾಲ್ಲೂಕಿನಲ್ಲಿ ಮೀಟಿಂಗ್, ಜಿಲ್ಲೆಯಿಂದ ಸಾಹೇಬರು ಬರ್ತಾರೆ, ಪೋರ್ಟಲ್‌ಗೆ ಎಂಟ್ರಿ ಬಾಕಿ ಇದೆ, ಇದೆಲ್ಲ ನಿಜವೇ ಇರಬಹುದು, ಆದರೆ ಒಂದು ದಿನದ ಕೂಲಿ ಬಿಟ್ಟು ಮಗು ಎತ್ತಿಕೊಂಡು ಕಾದು ಕೂತ ತಾಯಿಗೆ ಇದನ್ನೆಲ್ಲ ಕಟ್ಟಿಕೊಂಡು ಏನಾಗಬೇಕು? ಎರಡು ಸಲ ಹೀಗಾದರೆ ಮೂರನೇ ಸಲ ಆಕೆ ಕೆಲಸಕ್ಕೆ ಹೋಗುತ್ತಾಳೆ. ನೀವು ಬಂದು ‘ಜನ ಸಹಕರಿಸಲ್ಲ’ ಅಂತ ವರದಿ ಬರೆಯುತ್ತೀರಿ. ಬರಲಿಕ್ಕೆ ಆಗದಿದ್ದರೆ ಹಿಂದಿನ ಸಂಜೆಯೇ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ಇಷ್ಟೇ.

ದಿನ ಗೊತ್ತು ಮಾಡುವಾಗ ಅವರ ಕ್ಯಾಲೆಂಡರ್ ನೋಡಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ವರ್ಷದಲ್ಲಿ ನಾಲ್ಕು ಕಾಸು ಜಾಸ್ತಿ ಸಿಗುವ ಕಾಲ, ಹಗಲು ಹೊತ್ತಿನಲ್ಲಿ ಲೈನ್‌ನಲ್ಲಿ ಯಾರೂ ಇರಲ್ಲ. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬ. ಆ ದಿನ ಕ್ಯಾಂಪ್ ಇಟ್ಟರೆ ನಿಮ್ಮ ಮುಂದೆ ಕೂರುವುದು ನಿಮ್ಮ ಡ್ರೈವರ್ ಮಾತ್ರ. ಕೆಲಸ ಬಿಟ್ಟ ಮೇಲೆ ಸಂಜೆ ಇಡೋಣ ಅಂತ ಕೆಲವರು ಸಲಹೆ ಕೊಡುತ್ತಾರೆ. ಕತ್ತಲಾದ ಮೇಲೆ ಆ ದಾರಿಯಲ್ಲಿ ಆನೆ ಇರುತ್ತದೆ, ಸ್ವಾಮಿ. ನಾಲ್ಕೂವರೆಗೆ ಶುರು ಮಾಡಿ ಆರಕ್ಕೆ ಮುಗಿಸಬೇಕು, ಅದೂ ಲೈನ್ ಪಕ್ಕದಲ್ಲೇ. ಇಲ್ಲದಿದ್ದರೆ ತೋಟಕ್ಕೆ ವಾರದ ರಜೆ ಇರುವ ದಿನ, ಸಂತೆಗೆ ಹೊರಡುವ ಮುಂಚೆ.

ಜೇನುಕುರುಬರಂಥ ವಿಶೇಷವಾಗಿ ದುರ್ಬಲ ಬುಡಕಟ್ಟುಗಳಿಗೆ ಅಂತ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಶುರು ಮಾಡಿದ ಪಿಎಂ ಜನ್‌ಮನ್ ಯೋಜನೆ ಇದೆ. ಕರ್ನಾಟಕದಲ್ಲಿ ಜೇನುಕುರುಬರು ಮತ್ತು ಕೊರಗರು ಮಾತ್ರ ಅದರ ಪಟ್ಟಿಯಲ್ಲಿದ್ದಾರೆ. ಅಂದರೆ ಒಂದೇ ಹಾಡಿಯಲ್ಲಿ ಈ ಮನೆಗೆ ಸಿಗುವುದು ಪಕ್ಕದ ಯರವರ ಮನೆಗೆ ಸಿಗುವುದಿಲ್ಲ. ಆ ಸಿಟ್ಟು ದೆಹಲಿಗೆ ಹೋಗಲ್ಲ, ನಿಮ್ಮ ಮೇಲೆ ಬರುತ್ತದೆ. ಯೋಜನೆ ಯಾವುದೇ ಇರಲಿ, ಬಿಪಿ ನೋಡುವಾಗ, ಜ್ವರದ ಮಾತ್ರೆ ಕೊಡುವಾಗ ಈ ಲೆಕ್ಕ ಹಾಕಬೇಡಿ.

ಭಾಷೆಯ ಬಗ್ಗೆಯೂ ಒಂದು ಮಾತು. ಕೆಲಸದ ಮಾತಿಗೆ ಅವರಿಗೆ ಕನ್ನಡ ಸಾಕು. ಆದರೆ ಹೊಟ್ಟೆಯೊಳಗೆ ಹೇಗೆ ನೋಯುತ್ತದೆ, ಮುಟ್ಟು ನಿಂತು ಎಷ್ಟು ದಿನ ಆಯ್ತು, ಇಂಥದ್ದನ್ನು ಅವರವರ ಮಾತಿನಲ್ಲೇ ಹೇಳಲು ಸುಲಭ. ಹಾಡಿಯ ಹೆಣ್ಣುಮಗಳೊಬ್ಬಳನ್ನು ಜೊತೆಗಿಟ್ಟುಕೊಳ್ಳಿ, ಆಕೆಗೆ ದಿನದ ಸಂಬಳ ಕೊಡಿಸಿ. ಪುಕ್ಕಟೆ ದುಡಿಸಬೇಡಿ.

ಪ್ರಶ್ನೆ: ನಾನು ವಿರಾಜಪೇಟೆ ತಾಲ್ಲೂಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಸಿಕಲ್ ಸೆಲ್ ಪರೀಕ್ಷೆಗೆ ಟಾರ್ಗೆಟ್ ಇದೆ. ಜನ ರಕ್ತ ಕೊಡಲ್ಲ ಅಂತಾರೆ. ‘ಹೋದ ವರ್ಷವೂ ತಗೊಂಡು ಹೋದ್ರಲ್ಲ, ಏನಾಯ್ತು ಅದು?’ ಅಂತ ಒಬ್ಬರು ಅಜ್ಜಿ ಎಲ್ಲರ ಮುಂದೆ ಕೇಳಿಬಿಟ್ಟರು. ಅಜ್ಜಿಗೆ ಎಪ್ಪತ್ತರ ಹತ್ತಿರ. ಏನು ಹೇಳಲಿ?

ಉತ್ತರ: ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿದೆ? ಹೋದ ವರ್ಷದ ರಿಪೋರ್ಟ್ ಎಲ್ಲಿ? ಅದು ಪೋರ್ಟಲ್‌ನಲ್ಲಿದೆ ಅಂತ ನೀವು ಹೇಳಬಹುದು. ಅಜ್ಜಿಗೆ ಪೋರ್ಟಲ್ ಇಲ್ಲ. ಬೆರಳು ಚುಚ್ಚಿಸಿಕೊಂಡವರ ಕೈಗೆ ಕಾರ್ಡ್ ಬರದೆ ಎರಡನೇ ಸಲ ಸೂಜಿ ಹಿಡಿದುಕೊಂಡು ಹೋಗುವುದು ಮರ್ಯಾದೆಯೇ ಅಲ್ಲ. ಅಂದ ಹಾಗೆ, ಈ ಅಭಿಯಾನ 40 ವರ್ಷದವರೆಗಿನವರಿಗೆ. ಎಪ್ಪತ್ತರ ಅಜ್ಜಿಯ ಬೆರಳಿಗೆ ನೀವು ಯಾಕೆ ಹೋದಿರಿ? ಟಾರ್ಗೆಟ್ ತುಂಬಿಸಲಿಕ್ಕೆ ಅಲ್ವಾ? ಸಿಟ್ಟಾಗಬೇಡಿ, ನಿಮ್ಮ ಮೇಲಿನವರೂ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ಓದುಗರಿಗೆ ಸ್ವಲ್ಪ ಹಿನ್ನೆಲೆ. ಸಿಕಲ್ ಸೆಲ್ ಅಂದರೆ ತಂದೆತಾಯಿಯಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ. ದುಂಡಗೆ ಮೆತ್ತಗೆ ಇರಬೇಕಾದ ಕೆಂಪು ಕಣಗಳು ಕುಡುಗೋಲಿನ ಹಾಗೆ ಬಾಗಿ ಗಡುಸಾಗುತ್ತವೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಬೇಗ ಒಡೆದೂ ಹೋಗುತ್ತವೆ. ಹಾಗಾಗಿ ಕೈಕಾಲು, ಬೆನ್ನು, ಎದೆಯಲ್ಲಿ ತಡೆಯಲಾರದ ನೋವು, ಸದಾ ಸುಸ್ತು, ಕಣ್ಣು ಹಳದಿ, ಪದೇ ಪದೇ ಜ್ವರ. ಕೂಸುಗಳಿಗೆ ಅಂಗೈ ಅಂಗಾಲು ಊದಿಕೊಳ್ಳುತ್ತದೆ. ಚಳಿಯಲ್ಲಿ ನೆನೆದರೆ, ನೀರು ಕುಡಿಯದೆ ಬಿಸಿಲಲ್ಲಿ ದುಡಿದರೆ ನೋವು ಕೆರಳುತ್ತದೆ. ನಮ್ಮ ಮಳೆಗಾಲದಲ್ಲಿ ಗದ್ದೆ ನಾಟಿಗೆ ಇಳಿಯುವವರಿಗೆ, ಆಮೇಲೆ ಕೊಯ್ಲಿನಲ್ಲಿ ಇಡೀ ದಿನ ನಿಲ್ಲುವವರಿಗೆ ಎರಡೂ ತಪ್ಪಿದ್ದಲ್ಲ. ನೋವು ಅಂತ ಕೆಲಸಕ್ಕೆ ಬರದಿದ್ದರೆ ಸೋಮಾರಿ, ಕುಡಿದಿದ್ದಾನೆ ಅಂತ ಮೇಸ್ತ್ರಿ ಬೈಯುತ್ತಾನೆ. ಎಷ್ಟು ಜನ ಈ ಬೈಗುಳ ತಿಂದು ಕಾಯಿಲೆಯ ಹೆಸರೂ ತಿಳಿಯದೆ ಹೋಗಿದ್ದಾರೋ.

ಒಬ್ಬರ ಕಡೆಯಿಂದ ಮಾತ್ರ ಆ ಗುಣ ಬಂದಿದ್ದರೆ ಅವರು ವಾಹಕರು. ಸಾಮಾನ್ಯವಾಗಿ ಅವರಿಗೆ ಏನೂ ತೊಂದರೆ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ತಡೆಯಲಿಕ್ಕೆ ಅಂತ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಅಭಿಯಾನ ಶುರು ಮಾಡಿದರು. ದೇಶದಲ್ಲಿ 7 ಕೋಟಿ ಜನರ ಪರೀಕ್ಷೆ, 2047ರ ಒಳಗೆ ನಿರ್ಮೂಲನೆ ಅನ್ನುವುದು ಗುರಿ. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ ನಡೆಯುತ್ತಿದೆ. ಒಳ್ಳೆಯ ಯೋಜನೆ. ಆದರೆ ದೆಹಲಿಯ 7 ಕೋಟಿ ಕೆಳಗಿಳಿದು ಬರುತ್ತಾ ಬರುತ್ತಾ ‘ಇವತ್ತು ನೂರು ಸ್ಯಾಂಪಲ್ ಆಗಬೇಕು’ ಅಂತ ಆಗುತ್ತದಲ್ಲ, ಅಲ್ಲಿ ಕೆಡುತ್ತದೆ.

ಸೂಜಿ ತೆಗೆಯುವ ಮುಂಚೆ ನೀವು ಹೇಳಬೇಕಾದ್ದು ಹೆಚ್ಚೇನಿಲ್ಲ. ‘ಅಕ್ಕ, ಬೆರಳಿನಿಂದ ಒಂದು ತೊಟ್ಟು ರಕ್ತ ತಗೋತೀನಿ. ಕೈಕಾಲು ನೋವಿನ ಒಂದು ಕಾಯಿಲೆ ಇದೆಯಾ ನೋಡಲಿಕ್ಕೆ. ಬೇರೆ ಏನಕ್ಕೂ ಬಳಸಲ್ಲ. ಅನುಮಾನ ಬಂದರೆ ಇನ್ನೊಂದು ಸಲ ತೋಳಿನಿಂದ ತಗೋಬೇಕಾಗುತ್ತೆ. ಇಂಥ ದಿನ ಬಂದು ನಿಮಗೆ ಒಬ್ಬರಿಗೇ ಹೇಳ್ತೀನಿ. ಬೇಡ ಅಂದರೆ ಬೇಡ, ರೇಷನ್ನಿಗೂ ಇದಕ್ಕೂ ಸಂಬಂಧ ಇಲ್ಲ.’ ಕೊನೆಯ ವಾಕ್ಯ ಬಿಡಬೇಡಿ. ಬೇಡ ಅಂದರೆ ಪೌಷ್ಟಿಕ ಆಹಾರದ ಕಿಟ್ ನಿಲ್ಲುತ್ತದೆ ಅಂತ ಯಾರೋ ಹೆದರಿಸಿರುತ್ತಾರೆ. ಹೂಂ ಅಂದವರೆಲ್ಲ ಒಪ್ಪಿ ಹೂಂ ಅಂದಿರುವುದಿಲ್ಲ.

ಫಲಿತಾಂಶವನ್ನು ಹಾಡಿಯ ನಡುವೆ ನಿಂತು ಓದುವುದು ಬೇಡವೇ ಬೇಡ. ಒಂದು ಹುಡುಗಿ ವಾಹಕಿ ಅಂತ ಊರಿಗೆಲ್ಲ ಗೊತ್ತಾದರೆ ಆಕೆಯ ಮದುವೆ ಕಥೆ ಏನಾಗುತ್ತದೆ ಯೋಚನೆ ಮಾಡಿ. ಕೆಲವು ಕಡೆ ‘ನಿಮ್ಮ ಜಾತಿ ಕಾಯಿಲೆ’ ಅಂತ ಸಿಬ್ಬಂದಿಯೇ ಹೇಳುವುದು ಕೇಳಿದ್ದೇನೆ. ಇದು ಜಾತಿ ನೋಡಿ ಬರಲ್ಲ. ತಲೆಮಾರುಗಟ್ಟಲೆ ಮಲೇರಿಯಾ ಇದ್ದ ಪ್ರದೇಶಗಳ ಜನರಲ್ಲಿ, ಆಫ್ರಿಕಾ, ಅರೇಬಿಯಾ, ಮೆಡಿಟರೇನಿಯನ್ ತೀರದಲ್ಲೂ ಇದೆ. ವಾಹಕರಿಗೆ ಮಲೇರಿಯಾ ಅಷ್ಟಾಗಿ ಜೀವ ತೆಗೆಯುತ್ತಿರಲಿಲ್ಲ, ಹಾಗಾಗಿ ಆ ಗುಣ ಉಳಿದುಕೊಂಡು ಬಂತು. ಇದನ್ನು ಹಾಡಿಯಲ್ಲಿ ಹೇಳಿ ನೋಡಿ, ಜನ ಕುತೂಹಲದಿಂದ ಕೇಳುತ್ತಾರೆ.

ಕಾಯಿಲೆ ಇದೆ ಅಂತ ಗೊತ್ತಾದವರಿಗೆ ಹೈಡ್ರಾಕ್ಸಿಯೂರಿಯಾ, ಫೋಲಿಕ್ ಆಸಿಡ್ ಮಾತ್ರೆ ತಪ್ಪದೆ ಸಿಗಬೇಕು. ಸ್ಟಾಕ್ ಇಲ್ಲ ಅಂತ ವಾಪಸ್ ಕಳಿಸುವ ಹಾಗಿದ್ದರೆ ಪರೀಕ್ಷೆ ಮಾಡಿದ್ದು ಏನಕ್ಕೆ?

ಪ್ರಶ್ನೆ: ಸಿದ್ದಾಪುರ ಹತ್ತಿರ ನಮ್ಮದು ಕಾಫಿ ತೋಟ. ಲೈನ್‌ನಲ್ಲಿ ಯರವ ಕುಟುಂಬಗಳಿವೆ, ಅಪ್ಪನ ಕಾಲದಿಂದ ಇದ್ದವರು. ಹುಷಾರಿಲ್ಲ ಅಂದರೆ ನಾನೇ ಜೀಪಲ್ಲಿ ಕರ್ಕೊಂಡು ಹೋಗ್ತೀನಿ, ಡಾಕ್ಟರ ಹತ್ತಿರ ನಾನೇ ಎಲ್ಲ ಹೇಳ್ತೀನಿ, ಅವರಿಗೆ ಹೇಳಲಿಕ್ಕೆ ಬರಲ್ಲ. ಇದಕ್ಕಿಂತ ಜಾಸ್ತಿ ಏನು ಮಾಡಬೇಕು?

ಉತ್ತರ: ಜೀಪು ಕೊಡುತ್ತೀರಲ್ಲ, ಅದಕ್ಕೆ ಥ್ಯಾಂಕ್ಸ್. ಎಷ್ಟೋ ಜನ ಅದೂ ಮಾಡಲ್ಲ. ಆದರೆ ಡಾಕ್ಟರ ಕೋಣೆಯ ಬಾಗಿಲ ತನಕ ಬಂದು ಅಲ್ಲೇ ನಿಲ್ಲಿ, ಒಳಗೆ ಬೇಡ. ನೀವು ಒಳಗೆ ಬಂದರೆ ಡಾಕ್ಟರು ನಿಮ್ಮ ಮುಖ ನೋಡಿ ಮಾತಾಡುತ್ತಾರೆ, ಬೆಂಚಿನ ತುದಿಯಲ್ಲಿ ಕೂತವಳು ಸುಮ್ನೆ ನೆಲ ನೋಡುತ್ತಿರುತ್ತಾಳೆ. ಬಿಳಿಸೆರಗು ಹೋಗುತ್ತಿದೆ, ಗಂಡ ಹೊಡೆಯುತ್ತಾನೆ, ಮೂರು ದಿನದಿಂದ ಸರಿಯಾಗಿ ಊಟ ಇಲ್ಲ ಅಂತ ಸಾಹುಕಾರರ ಎದುರು ಹೇಗೆ ಹೇಳುತ್ತಾಳೆ? ಗಿಡಕ್ಕೆ ಔಷಧಿ ಹೊಡೆಯುವಾಗ ತಲೆ ಸುತ್ತು ಬಂತು ಅಂತ ನಿಮ್ಮ ತೋಟದ ವಿಷಯವೇ ಇದ್ದರೆ? ಹೇಳಲಿಕ್ಕೆ ಬರಲ್ಲ ಅಂತ ನೀವು ಅಂದುಕೊಂಡಿದ್ದೀರಿ. ನೀವು ಹೊರಗಿದ್ದಾಗ ಹದಿನೈದು ನಿಮಿಷ ಬಿಡದೆ ಮಾತಾಡುವವರನ್ನು ನಾನು ಕಂಡಿದ್ದೇನೆ. ಡಾಕ್ಟರುಗಳಿಗೂ ಇದೇ ಮಾತು. ಮಾಲೀಕರು ಪರಿಚಯದವರೇ ಆಗಿರಲಿ, ‘ನೀವು ಸ್ವಲ್ಪ ಹೊರಗಿರಿ’ ಅನ್ನಿ. ಯಾರೂ ಮುನಿಸಿಕೊಳ್ಳಲ್ಲ. ಮುನಿಸಿಕೊಂಡರೂ ಚಿಂತೆ ಇಲ್ಲ.

ಜಾಸ್ತಿ ಏನು ಮಾಡಬೇಕು ಅಂತ ಕೇಳಿದ್ದೀರಿ, ಹೇಳಿಯೇ ಬಿಡುತ್ತೇನೆ. ಆಸ್ಪತ್ರೆಗೆ ಹೋದ ದಿನದ ಕೂಲಿ ಹಿಡಿಯಬೇಡಿ. ರೇಷನ್ ಕಾರ್ಡ್, ಆಧಾರ್, ತಾಯಿ ಕಾರ್ಡ್ ತೋಟದ ಲೆಕ್ಕ ಬರೆಯುವ ರೈಟರ ಮೇಜಿನಲ್ಲಿ ಇದ್ದರೆ ಇವತ್ತೇ ವಾಪಸ್ ಕೊಡಿ. ಭದ್ರವಾಗಿರಲಿ ಅಂತ ಇಟ್ಟುಕೊಂಡಿದ್ದೇವೆ ಅನ್ನುತ್ತಾರೆ, ಆದರೆ ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಬಂದಾಗ ರೈಟರು ಎಲ್ಲಿರುತ್ತಾರೆ? ಮುಂಗಡದ ಸಾಲ ಇದೆ ಅಂತ ಯಾರನ್ನೂ ಚಿಕಿತ್ಸೆಗೆ ಹೋಗದಂತೆ ತಡೆಯುವ ಹಾಗಿಲ್ಲ. ಜೀತ 1976ರಲ್ಲೇ ಕಾನೂನು ಪ್ರಕಾರ ಮುಗಿದಿದೆ. ದೊಡ್ಡ ತೋಟದವರ ಮೇಲೆ ಕಾರ್ಮಿಕರ ವೈದ್ಯಕೀಯ ವ್ಯವಸ್ಥೆಯ ಹೊಣೆ 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಇದೆ, ಅದು ಔದಾರ್ಯದ ಲೆಕ್ಕಕ್ಕೆ ಬರಲ್ಲ.

ಟಿ.ಬಿ. ಬಗ್ಗೆ ಒಂದು ಮಾತು. ಔಷಧಿ ಕಡಿಮೆ ಅಂದರೂ ಆರು ತಿಂಗಳು. ಎರಡು ತಿಂಗಳಲ್ಲಿ ಕೆಮ್ಮು ನಿಲ್ಲುತ್ತದೆ, ಅಷ್ಟರಲ್ಲಿ ಇನ್ನೊಂದು ತೋಟದಲ್ಲಿ ಕೆಲಸ ಅಂತ ಕುಟುಂಬ ಹೊರಡುತ್ತದೆ. ನಿಮ್ಮ ಲೈನ್‌ನಿಂದ ಯಾರಾದರೂ ಹೊರಟರೆ ಆಶಾಗೆ ಒಂದು ಫೋನ್ ಹಾಕಿ, ಹೋದ ಊರಿನ ಆಸ್ಪತ್ರೆಗೆ ಅವರ ಚಿಕಿತ್ಸೆ ವರ್ಗ ಮಾಡಿಸಬಹುದು. ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ, ಮೊದಲು 500 ಇತ್ತು. ಅದು ಅವರ ಖಾತೆಗೇ ಬರಬೇಕು.

ಪ್ರಶ್ನೆ: ಹಾಡಿಯವರು ಮೊದಲು ಸೊಪ್ಪು, ಬೇರು, ಮಂತ್ರ ಅಂತ ಹೋಗಿ ಆಮೇಲೆ ಆಸ್ಪತ್ರೆಗೆ ಬರ್ತಾರೆ. ಅಷ್ಟರಲ್ಲಿ ತಡ ಆಗಿರುತ್ತೆ. ಇದನ್ನು ನಿಲ್ಲಿಸಬಾರದಾ? (ಸ್ಟಾಫ್ ನರ್ಸ್, ಪೊನ್ನಂಪೇಟೆ ತಾಲ್ಲೂಕು)

ಉತ್ತರ: ಸಿಸ್ಟರ್, ಕಕ್ಕಡ ತಿಂಗಳಲ್ಲಿ ಮದ್ದು ಸೊಪ್ಪಿನ ಪಾಯಸ ಇಡೀ ಕೊಡಗು ತಿನ್ನುತ್ತದೆ, ಅದಕ್ಕೆ ಯಾರೂ ಮೂಢನಂಬಿಕೆ ಅನ್ನಲ್ಲ. ಹಾಡಿಯವರ ಸೊಪ್ಪಿಗೆ ಮಾತ್ರ ಯಾಕೆ ಸಿಟ್ಟು? ‘ಮನೆಯಲ್ಲಿ ಏನು ಮದ್ದು ಮಾಡಿದ್ರಿ ಅಜ್ಜಿ?’ ಅಂತ ಮಾಮೂಲಿ ಪ್ರಶ್ನೆಯ ಹಾಗೆ ಕೇಳಿ. ಬೈಯುತ್ತೀರಿ ಅಂತ ಗೊತ್ತಾದರೆ ಮುಚ್ಚಿಡುತ್ತಾರೆ, ಆಗ ನೀವು ಕೊಡುವ ಮಾತ್ರೆಗೂ ಅದಕ್ಕೂ ಹೊಂದುತ್ತದಾ ಅಂತ ತಿಳಿಯುವುದೇ ಇಲ್ಲ. ಜೊತೆಗೆ ನಾಟಿ ವೈದ್ಯರನ್ನೂ ಮಾತಾಡಿಸಿ. ಯಾವಾಗ ಕಳಿಸಬೇಕು ಅಂತ ಅವರಿಗೆ ಗೊತ್ತಾದರೆ ಅವರೇ ಕಳಿಸುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಹಾವು ಕಚ್ಚಿದರೆ ಸೊಪ್ಪೂ ಬೇಡ, ಮಂತ್ರವೂ ಬೇಡ, ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಕಚ್ಚಿದ ಕೈಯೋ ಕಾಲೋ ಅಲ್ಲಾಡದ ಹಾಗೆ ಇಟ್ಟು, 108ಕ್ಕೆ ಫೋನ್ ಮಾಡಿ, ಗಾಡಿ ತಡವಾದರೆ ಸಿಕ್ಕಿದ್ದರಲ್ಲಿ ನೇರ ಆಸ್ಪತ್ರೆಗೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಹಾಡಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಹೊತ್ತು ಇಂಜೆಕ್ಷನ್ ಇದೆ ಅಂತ ಆಶಾ, ಯಜಮಾನರು, ರೈಟರು ಮೂವರಿಗೂ ಗೊತ್ತಿರಲಿ.

ಪ್ರಶ್ನೆ: ನನ್ನ ಮಗಳು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನರ್ಸ್. ಅಲ್ಲಿ ಮೀಟಿಂಗ್ ಶುರುವಾಗುವ ಮುಂಚೆ ‘ಈ ನೆಲ ಮೂಲನಿವಾಸಿಗಳದ್ದು, ಅವರ ಹಿರಿಯರಿಗೆ ಗೌರವ’ ಅಂತ ಹೇಳಿಯೇ ಮುಂದುವರಿಯುತ್ತಾರಂತೆ. ನಮ್ಮ ಕೊಡಗಿನಲ್ಲೂ ಹೀಗೆ ಮಾಡಿದರೆ ಹೇಗೆ? (ನಿವೃತ್ತ ಶಿಕ್ಷಕರು, ಮಡಿಕೇರಿ)

ಉತ್ತರ: ಮೇಷ್ಟ್ರೇ, ಮಾಡಿದರೆ ತಪ್ಪಿಲ್ಲ. ಆದರೆ ನಮ್ಮಲ್ಲಿ ಹಾರ, ಶಾಲು, ವಂದನಾರ್ಪಣೆಗೆ ಮೊದಲೇ ಕೊರತೆ ಇಲ್ಲ, ಇದೂ ಅದರ ಸಾಲಿಗೆ ಸೇರಿಬಿಡುತ್ತದೆ ಅನ್ನುವ ಭಯ ನನಗೆ. ಆ ದೇಶದಿಂದ ತರಬೇಕಾದ್ದು ಬೇರೆ ಇದೆ. ಅಲ್ಲಿ ದಶಕಗಟ್ಟಲೆ ಅಧಿಕಾರಿಗಳು ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಹೋದರು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಅದಕ್ಕೆ ಕ್ಷಮೆ ಕೇಳಿದರು. ಅಂಥ ಜನ ಸರ್ಕಾರಿ ಆಸ್ಪತ್ರೆಗೆ ಹೆದರದೆ ಇರುತ್ತಾರಾ? ಆದರೆ ಕ್ಷಮೆ ಬರುವ ತನಕ ಅವರು ಕೈ ಕಟ್ಟಿ ಕೂತಿರಲಿಲ್ಲ. 1971ರಲ್ಲೇ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ತಮ್ಮದೇ ವೈದ್ಯಕೀಯ ಕೇಂದ್ರ ಶುರು ಮಾಡಿದರು. ಡಾಕ್ಟರು ಯಾರೇ ಇರಲಿ, ಆಡಳಿತ ಮಂಡಳಿ ಸಮುದಾಯದ್ದು. ಈಗ ಅಂಥವು ಆ ದೇಶದಲ್ಲಿ ನೂರಕ್ಕೂ ಹೆಚ್ಚಿವೆ. ಪಕ್ಕದ ನ್ಯೂಜಿಲೆಂಡ್‌ನಲ್ಲಿ ಇರಿಹಪೇಟಿ ರಾಮ್ಸ್‌ಡೆನ್ ಅನ್ನುವ ಮಾವೊರಿ ನರ್ಸ್ ಒಂದು ವಾದ ಮುಂದಿಟ್ಟರು: ಆರೈಕೆ ಮರ್ಯಾದೆಯಿಂದ ನಡೆಯಿತೋ ಇಲ್ಲವೋ ಅಂತ ತೀರ್ಮಾನಿಸಬೇಕಾದವರು ರೋಗಿ, ನರ್ಸ್ ಅಲ್ಲ. 1990ರ ದಶಕದಲ್ಲಿ ಅಲ್ಲಿನ ನರ್ಸಿಂಗ್ ಶಿಕ್ಷಣದೊಳಗೇ ಅದು ಬಂತು. ನಾನು ಮೆಚ್ಚುವುದು ಇದನ್ನು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಪಕ್ಕದ ನೀಲಗಿರಿಯ ಗೂಡಲೂರಿನಲ್ಲಿ 1990ರಲ್ಲಿ ಶುರುವಾದ ಆದಿವಾಸಿ ಆಸ್ಪತ್ರೆ ಇದೆ. ಅಲ್ಲಿ ನರ್ಸ್‌ಗಳಾಗಿ ತಯಾರಾದವರು ಆ ಹಾಡಿಗಳ ಹುಡುಗಿಯರೇ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸೋಲಿಗರ ನಡುವೆ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇದೆ. ಕೊಡಗಿನಿಂದ ಎರಡೂ ಕಡೆಗೆ ರಸ್ತೆ ಇದೆ. ನಮ್ಮ ಆರೋಗ್ಯ ಇಲಾಖೆಯವರು ಒಂದು ಬಸ್ ಮಾಡಿಕೊಂಡು ಹೋಗಿಬರಲಿ, ಅದರಲ್ಲಿ ಅರ್ಧ ಸೀಟು ಹಾಡಿಯವರಿಗೆ.

ಪ್ರಶ್ನೆ: ನಮ್ಮ ಯುವಕ ಸಂಘದಿಂದ ಹಾಡಿಯಲ್ಲಿ ಉಚಿತ ಕ್ಯಾಂಪ್. ಹಳೆ ಬಟ್ಟೆ ಹಂಚುತ್ತೇವೆ, ಫೋಟೊ ತೆಗೆದು ಗ್ರೂಪಿಗೆ ಹಾಕುತ್ತೇವೆ. ಸಲಹೆ?

ಉತ್ತರ: ಫೋಟೊ ಬೇಡ. ಬಟ್ಟೆಯೂ ಬೇಡ, ಅವರು ಕೇಳಿದ್ದರೆ ಬೇರೆ ಮಾತು. ಕ್ಯಾಂಪ್‌ನಲ್ಲಿ ಬಿಪಿ, ಶುಗರ್ ಇದೆ ಅಂತ ಗೊತ್ತಾದವರನ್ನು ಮುಂದಿನ ತಿಂಗಳು ಯಾರು ನೋಡುತ್ತಾರೆ? ಅದಕ್ಕೆ ಉತ್ತರ ಇಲ್ಲದಿದ್ದರೆ ಕ್ಯಾಂಪ್ ದುಡ್ಡನ್ನು ಎರಡು ಆಟೊ ಬಾಡಿಗೆಗೆ ಕೊಡಿ, ತಿಂಗಳಿಗೊಮ್ಮೆ ಹಾಡಿಯಿಂದ ಆಸ್ಪತ್ರೆಗೆ ಓಡಾಡಲಿ.

ಪ್ರಶ್ನೆ: ನಾನು ಯರವ ಸಮುದಾಯದವಳು, ಜಿಎನ್‌ಎಂ ನರ್ಸಿಂಗ್ ಕೋರ್ಸಿನ ಕೊನೆ ವರ್ಷ. ಅಜ್ಜಿಯನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಚೀಟಿಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಕ್ಯೂನಲ್ಲಿ ನಿಂತಿದ್ದರು. ಬಂದವರೆಲ್ಲ ಮುಂದೆ ನುಗ್ಗಿದರು, ಅಜ್ಜಿ ಸರಿದು ಸರಿದು ಗೋಡೆ ತನಕ ಬಂದಿದ್ದರು. ಅಷ್ಟರಲ್ಲಿ ಒಂದು ಗಂಟೆ, ಕೌಂಟರ್ ಮುಚ್ಚಿತು. ‘ಏಯ್, ಅಲ್ಲಿ ನೆಲದ ಮೇಲೆ ಕೂತ್ಕೋ, ಮೊದಲು ಎಲೆ ಅಡಿಕೆ ಉಗಿದು ಬಾ’ ಅಂದರು. ನಾಳೆ ನಾನೂ ಇಂಥ ಕಡೆಯೇ ಕೆಲಸ ಮಾಡಬೇಕು. ನನ್ನಿಂದ ಏನಾದರೂ ಬದಲಾಗುತ್ತಾ? ಇಲ್ಲ ದೂರದ ಊರಿಗೆ ಹೋಗಿಬಿಡಲಾ?

ಉತ್ತರ: ಇದನ್ನು ಓದಿ ಬೇಜಾರಾಯಿತು, ಆಶ್ಚರ್ಯ ಆಗಲಿಲ್ಲ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಇಡೀ ಆಸ್ಪತ್ರೆಯನ್ನು ಸರಿ ಮಾಡುವುದು ನಿಮ್ಮ ಕೆಲಸ ಅಲ್ಲ. ಅದು ಅಲ್ಲಿನ ವೈದ್ಯಾಧಿಕಾರಿಯ ಕೆಲಸ. ಹಾಡಿಯ ಹುಡುಗಿಯೊಬ್ಬಳು ನರ್ಸ್ ಆದ ಕೂಡಲೇ ‘ನಿಮ್ಮವರು ಬಂದಿದ್ದಾರೆ, ನೀನೇ ನೋಡ್ಕೋ’ ಅಂತ ಮಿಕ್ಕವರು ಕೈ ಬಿಡುವುದು ನಡೆಯುತ್ತದೆ. ಅದಕ್ಕೆ ಒಪ್ಪಬೇಡಿ. ಎಲ್ಲ ರೋಗಿಗಳನ್ನೂ ನೀವು ನೋಡುತ್ತೀರಿ, ಹಾಡಿಯವರನ್ನು ಎಲ್ಲರೂ ನೋಡಬೇಕು.

ವೈದ್ಯಾಧಿಕಾರಿಗಳು ಇದನ್ನು ಓದುತ್ತಿದ್ದರೆ, ಮಾಡಬೇಕಾದ್ದು ದೊಡ್ಡ ಖರ್ಚಿನದ್ದಲ್ಲ. ನಂಬರ್ ಇರುವ ಟೋಕನ್ ಕೊಡಿ, ಆಗ ಗೋಡೆ ತನಕ ಸರಿಯುವುದು ತಪ್ಪುತ್ತದೆ. ಬೆಂಚು ಎಲ್ಲರಿಗೂ ಒಂದೇ. ಹತ್ತು ಕಿಲೋಮೀಟರ್ ನಡೆದು, ಬಸ್ ಕಾದು ಬಂದವರನ್ನು ಒಂದು ಗಂಟೆ ಆಯ್ತು ಅಂತ ವಾಪಸ್ ಕಳಿಸಬೇಡಿ. ಅಜ್ಜಿಯರನ್ನು ಏಕವಚನದಲ್ಲಿ ಕರೆಯುವ ಸಿಬ್ಬಂದಿಗೆ ಒಂದು ಸಲ ಬಾಯಿಮಾತಲ್ಲಿ, ಮುಂದಿನ ಸಲ ಬರಹದಲ್ಲಿ ಹೇಳಿ. ಹೆರಿಗೆ ಕೋಣೆಗೆ ಜೊತೆಗೊಬ್ಬ ಹೆಂಗಸನ್ನು ಬಿಡಬೇಕು ಅಂತ ಕೇಂದ್ರದ ಲಕ್ಷ್ಯ ಮಾರ್ಗಸೂಚಿಯಲ್ಲೇ ಇದೆ, ಹಾಡಿಯ ಹುಡುಗಿಯ ಅಮ್ಮನಿಗೂ ಅದು ಅನ್ವಯ. ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯಲ್ಲಿ ಹಾಡಿಯ ಇಬ್ಬರನ್ನಾದರೂ ಸೇರಿಸಿ, ಅದರಲ್ಲಿ ಒಬ್ಬರು ಹೆಂಗಸು. ಸಭೆಗೆ ಬಂದ ದಿನದ ಕೂಲಿ ಕೊಡಿ, ಇಲ್ಲದಿದ್ದರೆ ಅವರು ಬರಲಿಕ್ಕೆ ಆಗಲ್ಲ.

ಎಲ್ಲಿ ಕೆಲಸ ಮಾಡಬೇಕು ಅನ್ನೋದು ನಿಮ್ಮ ಇಷ್ಟ. ಸಮುದಾಯದ ಋಣ, ಊರಿನ ಸೇವೆ ಅಂತ ಭಾಷಣ ಬಿಗಿಯುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ, ಅವರ ಮಕ್ಕಳು ಬೆಂಗಳೂರಿನಲ್ಲೇ ಇರುತ್ತಾರೆ. ನನ್ನನ್ನು ಕೇಳಿದರೆ ಮೊದಲು ಒಂದೆರಡು ವರ್ಷ ದೊಡ್ಡ ಆಸ್ಪತ್ರೆಯ ವಾರ್ಡ್‌ನಲ್ಲಿ ಕೈ ಪಳಗಿಸಿಕೊಳ್ಳಿ. ಆಮೇಲೂ ಕೊಡಗಿಗೆ ಬರಬೇಕು ಅನ್ನಿಸಿದರೆ ಬನ್ನಿ. ಬಂದರೆ, ಹೆರಿಗೆ ನೋವಿನಲ್ಲಿ ಬಂದ ಹುಡುಗಿಗೆ ಅವಳ ಮಾತಿನಲ್ಲೇ ಉತ್ತರ ಕೊಡುವ ಒಬ್ಬರಾದರೂ ಆ ವಾರ್ಡ್‌ನಲ್ಲಿ ಇದ್ದ ಹಾಗಾಗುತ್ತದೆ, ಅದು ಸಣ್ಣದಲ್ಲ.

ಅಜ್ಜಿಯ ವಿಷಯ ಹಾಗೇ ಬಿಡಬೇಡಿ. ಏನು ನಡೆಯಿತು ಅಂತ ಒಂದೇ ಹಾಳೆಯಲ್ಲಿ ಬರೆಯಿರಿ: ದಿನಾಂಕ, ಗಂಟೆ, ಯಾವ ಕೌಂಟರ್, ಯಾವ ಮಾತು. ವಿಶೇಷಣ ಬೇಡ, ಅಂದದ್ದನ್ನು ಅಂದ ಹಾಗೇ ಬರೆದರೆ ಸಾಕು. ಒಂದು ಪ್ರತಿ ಆಡಳಿತ ವೈದ್ಯಾಧಿಕಾರಿಗೆ, ಒಂದು ಜಿಲ್ಲಾ ಆರೋಗ್ಯಾಧಿಕಾರಿಗೆ, ಇನ್ನೊಂದು ಬುಡಕಟ್ಟು ಅಭಿವೃದ್ಧಿ ನೋಡುವ ಐಟಿಡಿಪಿ ಕಚೇರಿಗೆ. ಕಾಲೇಜಿನಲ್ಲಿ ತೊಂದರೆ ಆಗುತ್ತದೆ ಅಂತ ಭಯ ಇದ್ದರೆ ಅಜ್ಜಿಯ ಹೆಸರಿನಲ್ಲೇ ಕೊಡಿ, ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ನಿಮ್ಮ ಹತ್ತಿರ ಉಳಿಯುವ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ.